ಆರನೆಯ ಜೋಡಿ: ಗೋಡೆಯಾಚೆಯ ಬುಲ್ಲೆಟ್

"ಎಂಟು ಜೋಡಿ ಓಡಿದ್ದು. ಎಂಟಕ್ಕೆ ಎಂಟೂ ನೀನು ಬರೆದ ಹಾಗೇ ಆದದ್ದು. ಇದನ್ನು ದೇವರೇ ಬಂದು ಬರೆದಿದ್ದರೂ ನಾನು ಅವನನ್ನು ಬೆಂಚಿನಲ್ಲಿ ಕೂರಿಸಿ ವಿಚಾರಿಸ್ತಿದ್ದೆ ಮಾರಾಯ್ತಿ," ಎಂದರು ದಫೇದಾರ್ ಶೀನಪ್ಪ.

"ದೇವರಿಗೆ ಬದ್ರುವಿನ ಗ್ಯಾರೇಜಿನ ಪಕ್ಕದಲ್ಲಿ ಜಗಲಿ ಇಲ್ಲವಲ್ಲ ದಫೇದಾರ್ರೆ," ಎಂದಳು ಜಲಜಾಕ್ಷಿ. "ನನಗೆ ಉಂಟು."

ಪುತ್ತಿಗೆಯ ನಡುಬೈಲು ಮನೆಯ ಚಾವಡಿಯಲ್ಲಿ ಮಧ್ಯಾಹ್ನದ ಬಿಸಿಲು ಅರ್ಧಕ್ಕೆ ಬಂದು ನಿಂತಿತ್ತು. ದಫೇದಾರರು ಬೆಂಚಿನ ಮೇಲೆ. ಮನೆಯ ಯಜಮಾನರೂ ಓಟದ ಸಮಿತಿಯ ಅಧ್ಯಕ್ಷರೂ ಆದ ಆದಿರಾಜ ಬಲ್ಲಾಳರು ಆರಾಮಕುರ್ಚಿಯಲ್ಲಿ. ಜಲಜಾಕ್ಷಿ ಕಂಬಕ್ಕೆ ಒರಗಿ ನೆಲದ ಮೇಲೆ, ಮಡಿಲಲ್ಲಿ ಬೀಡಿಯ ಗೆರಸೆ. ವಾಮದಪದವಿನಿಂದ ಬಸ್ಸಿನಲ್ಲಿ ಬರುವಾಗಲೂ ಅವಳು ಅದನ್ನು ಕೈಬಿಟ್ಟಿರಲಿಲ್ಲ. ಸಂಜೆಯೊಳಗೆ ಸಾವಿರ ಬೀಡಿ ಆಗಬೇಕು. ಪೊಲೀಸರು ಕರೆದರೆಂದು ಬೀಡಿ ಒಪ್ಪಿಸಿಕೊಳ್ಳುವ ಬ್ರಾಂಚಿನವನು ಕಾಯುತ್ತಾನೆಯೇ?

ಮೊನ್ನೆ ಭಾನುವಾರ ಇದೇ ನಡುಬೈಲಿನ ಕೊಯ್ಲಾದ ಗದ್ದೆಯಲ್ಲಿ ಮೋಟಾರ್ ಸೈಕಲ್ ಓಟ. ಯಾವ ಜೋಡಿಯಲ್ಲಿ ಯಾರು ಗೆಲ್ಲುತ್ತಾರೆಂದು ಮೊದಲೇ ಚೀಟಿ ಬರೆದುಕೊಟ್ಟು, ಎಂಟೂ ಸರಿಯಾದವರಿಗೆ ಒಂದು ರೇಡಿಯೊ ಬಹುಮಾನ; ಅದು ಜಲಜಾಕ್ಷಿಗೆ ಬಂದಿತ್ತು. ಆರನೆಯ ಜೋಡಿಯಲ್ಲಿ ಮಾಣಿ ಊರಿನ ಸುಬ್ಬಯ್ಯನ ಎದುರು ಶಂಭು ಶೆಟ್ಟಿ ಓಡಿಸುತ್ತಿದ್ದ ನಡುಬೈಲು ಮನೆಯ ಬುಲ್ಲೆಟ್ ನಡುಗದ್ದೆಯಲ್ಲಿ ಉಸಿರು ಕಟ್ಟಿ ಉರುಳಿತು, ಶಂಭುವಿನ ತೊಡೆ ಮುರಿಯಿತೆಂದು ಸುದ್ದಿ. ಟ್ಯಾಂಕಿಯ ತಳದಲ್ಲಿ ಸಕ್ಕರೆ ಸಿಕ್ಕಿತು. ಮೂರು ದಿನ ಮೊದಲು ಆ ಗಾಡಿಗೆ ಕೈಹಾಕಿದ್ದನೆಂದು ಮೆಕ್ಯಾನಿಕ್ ಬದ್ರುದ್ದೀನ್ ಈಗ ಠಾಣೆಯ ಕಂಬಿಯ ಹಿಂದೆ.

ದಫೇದಾರರು ಒಂದು ಕಾಗದವನ್ನು ಅವಳ ಮುಂದೆ ಜಾರಿಸಿದರು. "ಇದಕ್ಕೊಂದು ಸಹಿ ಹಾಕಿಬಿಡು. ನೀನು ಮನೆಗೆ ಹೋಗು."

"ಓದಿ ಹೇಳಿ. ನನಗೆ ಓದಲಿಕ್ಕೆ ಬರ್ತದೆ, ಆದರೂ ನಿಮ್ಮ ಬಾಯಲ್ಲಿ ಕೇಳುವ ಅಂತ."

ಶೀನಪ್ಪ ಗಂಟಲು ಸರಿಮಾಡಿಕೊಂಡು ಓದಿದರು: "'ಶಂಭು ಶೆಟ್ಟಿಯ ಗಾಡಿಯನ್ನು ಕೆಡಿಸುವೆನೆಂದು ಬದ್ರುದ್ದೀನನು ನನಗೆ ಮೊದಲೇ ತಿಳಿಸಿದ್ದನು. ಆದ್ದರಿಂದಲೇ ನಾನು ಗೆಲ್ಲುವವರ ಚೀಟಿಯಲ್ಲಿ ಮಾಣಿಯ ಸುಬ್ಬಯ್ಯನ ಹೆಸರನ್ನು ಬರೆದೆನು.'"

"ಕನ್ನಡ ಚಂದ ಉಂಟು," ಎಂದಳು ಜಲಜಾಕ್ಷಿ. "ಸುಳ್ಳು ಅಂತ ಒಂದು ಬಿಟ್ಟರೆ ಬೇರೆ ದೋಷವಿಲ್ಲ."

ಮೆಟ್ಟಿಲ ಬುಡದಲ್ಲಿ ಯಾರೋ ಮೂಗೆಳೆದುಕೊಂಡರು. ನಫೀಸಮ್ಮ. ಬದ್ರುದ್ದೀನನ ತಾಯಿ. ಮಗನಿಗೆಂದು ಕಟ್ಟಿಕೊಂಡು ಬಂದ ರೊಟ್ಟಿಯ ಗಂಟು ಇನ್ನೂ ಅವರ ಕೈಯಲ್ಲೇ ಇತ್ತು.

"ನನ್ನ ಮಗ ಚಹಾಕ್ಕೇ ಸಕ್ಕರೆ ಹಾಕುವವನಲ್ಲ ಧಣಿ," ಎಂದರು ಆಕೆ ಕೆಳಗಿನಿಂದಲೇ. "ಬೆಲ್ಲ ಕಚ್ಚಿಕೊಂಡು ಕುಡಿಯುವವ. ಈ ರೇಶನಿನ ಕಾಲದಲ್ಲಿ ಒಂದು ಪಾವು ಸಕ್ಕರೆ ತಂದು ಪೆಟ್ರೋಲಿಗೆ ಸುರಿಯುತ್ತಾನಾ? ನನಗೆ ಕೊಟ್ಟಿದ್ದರೆ ಪಾಯಸವಾದ್ರೂ ಮಾಡ್ತಿದ್ದೆ."

ದಫೇದಾರರ ಮೀಸೆಯಡಿ ನಗು ಬಂದು ಹೋಯಿತು. ಬಲ್ಲಾಳರ ಮುಖ ಅಲುಗಲಿಲ್ಲ.

ಜಲಜಾಕ್ಷಿ ಮಾತ್ರ ತನ್ನ ಪಕ್ಕದ ಕಾಫಿ ಲೋಟವನ್ನು ನೋಡಿದಳು. ಚಾವಡಿಗೆ ಬಂದವರಿಗೆಲ್ಲ ಈ ಮನೆಯಲ್ಲಿ ಕಾಫಿ ಕೊಡುತ್ತಾರೆ. ಈ ಅರುವತ್ತನಾಲ್ಕರ ಮಾರ್ಚಿನಲ್ಲಿ ಮೂರು ತಾಲೂಕು ಸುತ್ತಿದರೂ ಇಷ್ಟು ಸಿಹಿಯಾದ ಕಾಫಿ ಸಿಗಲಿಕ್ಕಿಲ್ಲ. ಲೋಟದ ತಳದಲ್ಲಿ ಕರಗದೆ ಉಳಿದ ಸಕ್ಕರೆ ಹೊಳೆಯುತ್ತಿತ್ತು. ಅವಳು ಲೋಟವನ್ನು ಕೊಂಚ ಆಚೆ ಸರಿಸಿದಳು, ಅಷ್ಟೆ.

"ಜಲಜಾಕ್ಷಿ," ಎಂದರು ಬಲ್ಲಾಳರು. ಅವರದ್ದು ಮೆತ್ತಗಿನ ದನಿ. ಪುಸ್ತಕ ಓದಿದ ಹಾಗೆ ಮಾತು. "ನೀನು ಯಾರ ಮೇಲೂ ಹಗೆ ಸಾಧಿಸುವವಳಲ್ಲ ಎಂದು ನನಗೆ ಗೊತ್ತುಂಟು. ಆದರೆ ನೀನು ಕೂತು ಬೀಡಿ ಕಟ್ಟುವ ಆ ಜಗಲಿ ಯಾರ ಜಾಗದಲ್ಲಿ ಉಂಟು ಎಂಬುದೂ ನಿನಗೆ ಗೊತ್ತುಂಟಲ್ಲ?"

"ಗೊತ್ತುಂಟು ಧಣಿ. ಜಾಗ ನಿಮ್ಮದು. ಕಿವಿ ನನ್ನದು."

ನಡುಬೈಲಿನ ಚಾವಡಿಯಲ್ಲಿ ನೆಲದ ಮೇಲೆ ಕೂತವರು ಇಷ್ಟು ನೆಟ್ಟಗೆ ಉತ್ತರ ಕೊಟ್ಟದ್ದು ಶೀನಪ್ಪನವರು ತಮ್ಮ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಕೇಳಿರಲಿಲ್ಲ.

"ಕಿವಿ ಅಂದರೆ?" ಎಂದರು ಅವರು.

ಆಗ ಅವಳು ಹೇಳಿದಳು. ಹತ್ತು ವರ್ಷದಿಂದ ಬದ್ರುವಿನ ಗ್ಯಾರೇಜಿಗೂ ಅವಳ ಜಗಲಿಗೂ ನಡುವೆ ಇರುವುದು ಒಂದು ಬಿದಿರಿನ ತಟ್ಟಿ. ಅವಳು ಕಣ್ಣು ಎಲೆಯ ಮೇಲಿಟ್ಟು ಬೀಡಿ ಸುತ್ತುತ್ತಾಳೆ. ಆಚೆ ಯಂತ್ರಗಳು ಕೂಗುತ್ತವೆ. ಕೈ ತಾನಾಗಿಯೇ ಯಂತ್ರದ ತಾಳಕ್ಕೆ ಬೀಳುತ್ತದೆ. ಆರೋಗ್ಯವಾದ ಯಂತ್ರಕ್ಕೆ ಬೀಡಿ ಬಿಗಿಯಾಗಿ ಬರುತ್ತದೆ. ಎಲ್ಲೋ ಒಂದು ಬಡಿತ ತಪ್ಪಿತೋ, ಬೆರಳು ಜಾರಿ ಬೀಡಿ ಸಡಿಲ. ಓಟಕ್ಕೆ ಮೊದಲಿನ ಹದಿನೈದು ದಿನ ಮೂರು ತಾಲೂಕಿನ ಹದಿನಾರು ಗಾಡಿಗಳೂ ಬದ್ರುವಿನ ಹತ್ತಿರ ಬಂದು ಹೋಗಿದ್ದವು. ಯಾವ ಗಾಡಿಗೆ ಎಷ್ಟು ಬೀಡಿ ಹಾಳಾಯಿತು ಎಂದು ನೋಡಿಕೊಂಡು ಅವಳು ಚೀಟಿ ಬರೆದಿದ್ದಳು.

"ಗಾಡಿ ಮಾತ್ರ ಅಲ್ಲ, ಓಡಿಸುವವರೂ ಗೊತ್ತಾಗ್ತದೆ," ಎಂದಳು. "ಸುಬ್ಬಯ್ಯ ಲಾರಿ ಓಡಿಸಿದವ, ಗೇರು ಹಾಕುವಾಗ ಬಾಗಿಲು ಒದ್ದ ಹಾಗೆ ಹಾಕ್ತಾನೆ. ಶಂಭು ಹಾಗಲ್ಲ. ಎರಡನೆಯ ಗೇರಿನಿಂದ ಮೂರಕ್ಕೆ ಹೋಗುವಾಗ ಒಂದು ಗುಟುಕು ನೀರು ಕುಡಿದಷ್ಟು ಹೊತ್ತು ತಡೀತಾನೆ. ಹಾಗೆ ತಡೆಯುವವ ಈ ಕಡೆ ಬೇರೆ ಒಬ್ಬನೂ ಇಲ್ಲ. ಓಡಿಸುವುದರಲ್ಲಿ ಅವನೇ ಮೇಲು."

"ಮತ್ತೆ ಅವನು ಸೋಲ್ತಾನೆ ಅಂತ ಯಾಕೆ ಬರೆದೆ?"

"ಗುರುವಾರ ಅವನು ತಂದ ಬುಲ್ಲೆಟ್ಟಿನ ಒಳಗೆ ಯಾರೋ ಅಡಿಕೆ ಕತ್ತರಿಸ್ತಿದ್ದರು ದಫೇದಾರ್ರೆ. ಡುಗ್ ಡುಗ್ ಡುಗ್ ಡುಗ್, ಟಕ್. ಪುನಃ ಡುಗ್ ಡುಗ್ ಡುಗ್ ಡುಗ್, ಟಕ್. ಅರ್ಧ ಗಂಟೆಯಲ್ಲಿ ನನಗೆ ಹತ್ತೊಂಬತ್ತು ಬೀಡಿ ಸಡಿಲವಾಯಿತು. ಶಂಭುವಿಗೆ ಹೇಳಿದೆ. 'ಜಲಜಕ್ಕ, ನೀವು ಬೀಡಿ ನೋಡಿಕೊಳ್ಳಿ' ಅಂತ ನಕ್ಕ. ಬದ್ರುವೂ ಹೇಳಿದ, ಒಳಗೆ ಬಿಚ್ಚಬೇಕು ಅಂತ. ಬೇಡ, ಕ್ಲಚ್ಚಿನ ವೈರು ಒಂದು ಸರಿಮಾಡು ಸಾಕು ಅಂದ. ಅಂಥಾ ಗಾಡಿ ಗದ್ದೆಯ ಕೊನೆ ಮುಟ್ಟುವುದಿಲ್ಲ ಅಂತ ನನ್ನ ಲೆಕ್ಕ. ಸಕ್ಕರೆ ಬೇಕಾಗಿಯೇ ಇರಲಿಲ್ಲ."

ಬಲ್ಲಾಳರು ನಕ್ಕರು. "ಕೇಳಿದಿರಾ ಶೀನಪ್ಪ? ಬೀಡಿಯಿಂದ ಭವಿಷ್ಯ."

"ನಂಬಬೇಡಿ," ಎಂದಳು ಜಲಜಾಕ್ಷಿ. "ಪರೀಕ್ಷೆ ಮಾಡಿ. ಹಿಂದಿನ ಗಾಡಿ ಕೊಟ್ಟಿಗೆಯಲ್ಲಿ ಗಾಡಿಗಳಿವೆ. ಗೋಡೆಯಾಚೆ ಸ್ಟಾರ್ಟ್ ಮಾಡಿಸಿ. ನಾನು ಇಲ್ಲೇ ಕೂತು ಯಾವುದು ಯಾರದ್ದು ಹೇಳ್ತೇನೆ. ಒಂದು ತಪ್ಪಿದರೂ ನಿಮ್ಮ ಕಾಗದಕ್ಕೆ ಸಹಿ. ತಪ್ಪದಿದ್ದರೆ ಆ ಕಾಗದ ನಫೀಸಮ್ಮನ ಒಲೆಗೆ."

ಮೆಟ್ಟಿಲ ಬುಡದಿಂದ ನಫೀಸಮ್ಮ ಕೂಗಿದರು. "ಜಲಜಾ, ಬೇಡ ಮಾರಾಯ್ತಿ. ಒಂದು ತಪ್ಪಿದರೆ ನನ್ನ ಮಗ ಹೋದ."

"ತಪ್ಪುವುದಿಲ್ಲ ನಫೀಸಮ್ಮ."

ದಫೇದಾರರಿಗೆ ಇದು ಹಿಡಿಸಿತು. ಅವರು ಕೆಟ್ಟ ಮನುಷ್ಯರಲ್ಲ. ಆದರೆ ಒಬ್ಬ ಹೆಂಗಸಿನ ಜಂಬ ಇಳಿಯುವುದನ್ನು ನೋಡುವ ಆಸೆ ಅವರಿಗೂ ಇತ್ತು. ಬಲ್ಲಾಳರ ಡ್ರೈವರ್ ಅಣ್ಣುವನ್ನು ಕರೆದರು. "ಕೊಟ್ಟಿಗೆಯಲ್ಲಿ ಎಷ್ಟುಂಟು?"

"ಮುಂದಿನ ಸುತ್ತಿಗೆಂದು ಇಲ್ಲಿ ಇಟ್ಟ ಗೆದ್ದವರ ಎಂಟರಲ್ಲಿ ಏಳು ಸರ್ವಿಸಿಗೆ ಹೋಗಿವೆ ಸ್ವಾಮಿ. ಸುಬ್ಬಯ್ಯನ ಜಾವಾ ಉಂಟು. ಮುರಿದ ಬುಲ್ಲೆಟ್ ಮೂಲೆಯಲ್ಲುಂಟು, ಅದು ಏಳುವುದಿಲ್ಲ. ಮತ್ತೆ..." ಅಣ್ಣು ಯಜಮಾನರ ಮುಖ ನೋಡಿದ. "ನಮ್ಮ ಮನೆಯದ್ದು ಇನ್ನೊಂದು ಬುಲ್ಲೆಟ್, ಗೋಣಿ ಮುಚ್ಚಿ ಇಟ್ಟದ್ದು."

"ಅದು ಬೇಡ," ಎಂದರು ಬಲ್ಲಾಳರು. "ಅದಕ್ಕೆ ಹುಷಾರಿಲ್ಲ."

"ಅದೇ ಬೇಕು," ಎಂದರು ಶೀನಪ್ಪ ತೊಡೆ ತಟ್ಟಿ. "ಅವಳು ಯಾವತ್ತೂ ಕೇಳದ ಗಾಡಿ ಒಂದು ಇರಬೇಕಲ್ಲ? ಬೊಗಳೆಯಾದರೆ ಅಲ್ಲೇ ಸಿಕ್ಕಿಬೀಳ್ತಾಳೆ. ಅಣ್ಣು, ನಿನಗೆ ಬೇಕಾದ ಹಾಗೆ ಸ್ಟಾರ್ಟ್ ಮಾಡು, ಹೋಗು."

ಬಲ್ಲಾಳರು ಕುರ್ಚಿಯ ತುದಿಗೆ ಸರಿದು ಕೂತರು.

ಜಲಜಾಕ್ಷಿ ಕಣ್ಣು ಮುಚ್ಚಲಿಲ್ಲ. ಎಲೆ ತೆಗೆದಳು, ಹೊಗೆಸೊಪ್ಪು ಇಟ್ಟಳು, ಸುತ್ತಿದಳು. ಗೋಡೆಯಾಚೆ ಒಂದು ಯಂತ್ರ ಚಿಟಚಿಟ ಎಂದು ಎದ್ದಿತು.

"ಸುಬ್ಬಯ್ಯನ ಜಾವಾ. ಎಡಗಡೆಯ ಸೈಲೆನ್ಸರಿನ ಬೋಲ್ಟು ಇನ್ನೂ ಹಾಕಿಸಿಲ್ಲ ಪುಣ್ಯಾತ್ಮ."

ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಎದ್ದಿತು. ದಫೇದಾರರು ಮುಂದೆ ಬಾಗಿದರು.

"ಅದೇ ಜಾವಾ. ಬಿಸಿಯಾಗಿದೆ ಅಷ್ಟೆ. ಅಣ್ಣುವಿಗೆ ಹೇಳಿ, ನನ್ನ ಹತ್ತಿರ ಆಟ ಬೇಡ ಅಂತ."

ನಫೀಸಮ್ಮ ಮೆಟ್ಟಿಲಿನಿಂದ ನಕ್ಕೇಬಿಟ್ಟರು.

ಮೂರನೆಯದ್ದು ಮೂರು ಒದೆತಕ್ಕೆ ಎದ್ದಿತು. ಗಂಭೀರವಾದ ಸದ್ದು. ಡುಗ್ ಡುಗ್ ಡುಗ್ ಡುಗ್.

ಟಕ್.

ಜಲಜಾಕ್ಷಿಯ ಬೆರಳು ಜಾರಿತು. ಬೀಡಿ ಬಿಚ್ಚಿಕೊಂಡು ಹೊಗೆಸೊಪ್ಪು ಮಡಿಲಿಗೆ ಚೆಲ್ಲಿತು.

ಅವಳು ಇನ್ನೊಂದು ಎಲೆ ತೆಗೆದಳು. ಸುತ್ತಿದಳು. ಡುಗ್ ಡುಗ್ ಡುಗ್ ಡುಗ್, ಟಕ್. ಅದೂ ಸಡಿಲ. ಮೂರನೆಯದ್ದೂ ಸಡಿಲ. ಅವಳು ಬಿದ್ದ ಮೂರು ಬೀಡಿಗಳನ್ನು ನೋಡುತ್ತಾ ಕೂತಳು.

"ಎಂತ?" ಎಂದರು ಶೀನಪ್ಪ. "ಗೊತ್ತಾಗಲಿಲ್ಲವಾ?"

ಗೊತ್ತಾಗಿತ್ತು. ಗೊತ್ತಾದದ್ದೇ ತೊಂದರೆ. ಇದು ಇಲ್ಲಿ ಹೀಗೆ ಕೂಗುತ್ತಿದೆಯೆಂದರೆ ಗದ್ದೆಯಲ್ಲಿ ಉರುಳಿದ್ದು ಯಾವುದು? ಓಟ ನೋಡಲು ಅವಳು ಹೋಗಿರಲಿಲ್ಲ. ಚೀಟಿ ಬರೆದುಕೊಟ್ಟ ಮೇಲೆ ಎದುರಿಗೆ ಹೋಗಿ ನಿಲ್ಲುವುದು ಅವಳಿಗೆ ನಾಚಿಕೆಯ ವಿಷಯ. ಹೋಗಿದ್ದರೆ ಅಂದೇ ತಿಳಿಯುತ್ತಿತ್ತು. ಬಹುಮಾನದ ರೇಡಿಯೊ ಮನೆಗೆ ಬಂದು ಎರಡು ದಿನ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಬಸ್ಸಿನಲ್ಲಿ ಜನ ಅವಳ ಹೆಸರು ಹೇಳುತ್ತಿದ್ದರು. ನಲುವತ್ತು ವರ್ಷದಲ್ಲಿ ಮೊದಲ ಸಲ. ಈಗ ಬಾಯಿಬಿಟ್ಟರೆ ಅದೆಲ್ಲ ಹೋಯಿತು.

ನಫೀಸಮ್ಮ ಕೆಳಗೆ ರೊಟ್ಟಿಯ ಗಂಟನ್ನು ಎದೆಗೆ ಒತ್ತಿಕೊಂಡು ಅವಳನ್ನೇ ನೋಡುತ್ತಿದ್ದರು.

"ಇದು ಶಂಭುವಿನ ಗಾಡಿ," ಎಂದಳು ಜಲಜಾಕ್ಷಿ. "ಗುರುವಾರ ಬದ್ರುವಿನ ಗ್ಯಾರೇಜಿಗೆ ಬಂದದ್ದು ಇದೇ."

ಬಲ್ಲಾಳರು ಚಪ್ಪಾಳೆ ತಟ್ಟಿದರು. "ತಪ್ಪಿತು! ಶಂಭುವಿನ ಗಾಡಿ ಕೊಟ್ಟಿಗೆಯ ಮೂಲೆಯಲ್ಲಿ ಮುರಿದು ಬಿದ್ದಿದೆ. ಇದು ತಿಂಗಳಿನಿಂದ ಮನೆ ಬಿಟ್ಟು ಹೋಗಿಲ್ಲ. ಶೀನಪ್ಪ, ಸಹಿ ಹಾಕಿಸಿ."

ಆದರೆ ಶೀನಪ್ಪ ಪೆನ್ನು ತೆಗೆಯಲಿಲ್ಲ. ಇಪ್ಪತ್ತೆರಡು ವರ್ಷದ ನೌಕರಿ ಎಲ್ಲೋ ಒಳಗೆ ಎದ್ದು ಕೂತಿತ್ತು. "ಧಣಿ, ಓಡಿದ ಗಾಡಿಯ ನಂಬರು ಸಮಿತಿಯ ಪುಸ್ತಕದಲ್ಲಿ ಇರಬೇಕಲ್ಲ? ಒಮ್ಮೆ ನೋಡುವ."

ಪುಸ್ತಕ ಬಂತು. ಶೀನಪ್ಪ ಬೆರಳಿಟ್ಟು ಓದಿದರು. "ಆರನೆಯ ಜೋಡಿ. ಎಡದ ಕರೆ, ನಡುಬೈಲು ಮನೆ. ಬಲದ ಕರೆ, ಮಾಣಿ ಸುಬ್ಬಯ್ಯ." ಪುಟ ತಿರುಗಿಸಿದರು. ಹಿಂದೆಯೂ ತಿರುಗಿಸಿದರು. "ನಂಬರು ಎಲ್ಲಿ?"

"ಕೋಣಕ್ಕೆ ನಂಬರು ಉಂಟಾ?" ಎಂದರು ಬಲ್ಲಾಳರು.

ಅವರು ತಮಾಷೆ ಮಾಡಿದ್ದಲ್ಲ. ಸಮಿತಿಯವರೆಲ್ಲ ಮೂರು ತಲೆಮಾರಿನಿಂದ ಕಂಬಳದ ಕೋಣ ಓಡಿಸಿದವರು. ಮೋಟಾರ್ ಸೈಕಲ್ಲನ್ನೂ ಹಾಗೆಯೇ ಓಡಿಸಿದರು: ಗದ್ದೆಯಲ್ಲಿ ಅಕ್ಕಪಕ್ಕ ಕರೆಗಳೆಂಬ ಎರಡು ಓಟದ ಹಾದಿ, ಒಂದಕ್ಕೊಂದು ಜೋಡಿ, ಗೆದ್ದದ್ದು ಮುಂದಕ್ಕೆ. ಪುಸ್ತಕಕ್ಕೆ ಮನೆಯ ಹೆಸರು ಬರೆದರು. ಒಂದೇ ಮನೆಯಲ್ಲಿ ಎರಡು ಕರಿ ಬುಲ್ಲೆಟ್ ಇದ್ದರೆ ಯಾವುದು ಓಡಿತು ಎಂದು ಯಾರೂ ಕೇಳಲಿಲ್ಲ. ನಂಬರ್ ಪ್ಲೇಟು ಭಾರವೆಂದು ಮೊದಲೇ ಬಿಚ್ಚಿಸಿದ್ದರು. ಓಟ ಮುಗಿದ ಮೇಲೆ ಮುರಿದ ಗಾಡಿಯನ್ನು ಕೆರೆಗೆ ಎಳೆದೊಯ್ದು ತೊಳೆದು, ಮೈಗೆಲ್ಲ ತೆಂಗಿನೆಣ್ಣೆಯನ್ನೂ ಹಚ್ಚಿಬಿಟ್ಟಿದ್ದರು. ಕೈಯ ಗುರುತು, ಕಾಲಿನ ಗುರುತು ಯಾವುದೂ ಉಳಿದಿರಲಿಲ್ಲ.

"ಒಂದು ಗುರುತು ಉಳಿದಿದೆ," ಎಂದಳು ಜಲಜಾಕ್ಷಿ. "ಗುರುವಾರ ಕ್ಲಚ್ಚಿನ ವೈರು ಕಟ್ಟಲಿಕ್ಕೆ ಬದ್ರುವಿನ ಹತ್ತಿರ ತಂತಿ ಇರಲಿಲ್ಲ. ತಟ್ಟಿಯ ಮೇಲಿಂದ ಕೈ ಚಾಚಿದ. ನಾನು ಬೀಡಿ ನೂಲು ಕೊಟ್ಟೆ. ನಮ್ಮ ವಾಮದಪದವಿನ ಬ್ರಾಂಚಿನ ನೂಲು ಹಸಿರು. ಮೂಡಬಿದ್ರೆಯದ್ದು ಕೆಂಪು. ಹೋಗಿ ನೋಡಿ ದಫೇದಾರ್ರೆ. ಮುರಿದದ್ದರಲ್ಲಿ ಉಂಟಾ, ಕೂಗುವುದರಲ್ಲಿ ಉಂಟಾ?"

ಶೀನಪ್ಪ ಜೇಬು ತಡಕಿ ಒಂದು ಬೀಡಿ ತೆಗೆದರು. ಅದರ ಸೊಂಟದಲ್ಲಿ ಹಸಿರು ನೂಲು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೊಟ್ಟಿಗೆಯ ಕಡೆ ನಡೆದರು. ಗೋಡೆಯಾಚೆ ಯಂತ್ರ ನಿಂತಿತು.

ಚಾವಡಿಯಲ್ಲಿ ಇಬ್ಬರೇ ಉಳಿದರು.

"ಏನು ಬೇಕು ನಿನಗೆ?" ಎಂದರು ಬಲ್ಲಾಳರು. ದನಿಯಲ್ಲಿದ್ದ ಪುಸ್ತಕ ಈಗ ಇರಲಿಲ್ಲ. "ಜಗಲಿ ನಿನ್ನ ಹೆಸರಿಗೆ ಬರೆದುಕೊಡ್ತೇನೆ. ಮನೆಯನ್ನೂ. ಸದ್ದು ಸರಿಯಾಗಿ ಕೇಳಲಿಲ್ಲ ಅಂತ ಒಂದು ಮಾತು ಹೇಳು."

"ಹತ್ತು ವರ್ಷ ಕೇಳಿದ್ದನ್ನು ಕೇಳಲಿಲ್ಲ ಅಂತ ಹೇಗೆ ಹೇಳಲಿ ಧಣಿ?"

"ನಾಳೆಯಿಂದ ಎಲ್ಲಿ ಕೂತು ಬೀಡಿ ಕಟ್ಟುತ್ತೀ?"

"ಠಾಣೆಯ ಎದುರು ಒಂದು ಗೋಳಿಮರ ಉಂಟು. ಬದ್ರು ಹೊರಗೆ ಬರುವವರೆಗೆ ಅಲ್ಲಿ ಕೂರುತ್ತೇನೆ. ಆ ಮರ ನಿಮ್ಮದಲ್ಲವಲ್ಲ?" ಅವಳು ಗೆರಸೆಯ ಹೊಗೆಸೊಪ್ಪನ್ನು ಒಟ್ಟುಮಾಡಿದಳು. "ಒಂದೇ ಒಂದು ಕೇಳ್ತೇನೆ. ಶಂಭುವನ್ನು ಆಸ್ಪತ್ರೆಗೆ ಒಯ್ದದ್ದು ನಿಮ್ಮ ಕಾರು. ಅಲ್ಲಿ ಅವನನ್ನು ನೋಡಿದವರು ಯಾರಾದರೂ ಉಂಟಾ?"

"ಹದಿನೈದು ದಿನ ಯಾರೂ ಮಾತಾಡಿಸಬಾರದು ಅಂತ ಡಾಕ್ಟರು ಹೇಳಿದ್ದಾರೆ."

"ಯಾವ ಡಾಕ್ಟರು?"

ಬಲ್ಲಾಳರು ಉತ್ತರ ಕೊಡುವ ಮೊದಲೇ ದಫೇದಾರರು ಹಿಂತಿರುಗಿದರು. ಹಿಂದೆಯೇ ಅಣ್ಣು, ಕೈ ಒರೆಸಿಕೊಳ್ಳುತ್ತಾ.

"ಮುರಿದದ್ದರಲ್ಲಿ ಹೊಸ ವೈರು, ನೂಲೂ ಇಲ್ಲ ಗೀಲೂ ಇಲ್ಲ," ಎಂದರು ನಿಧಾನಕ್ಕೆ. "ಗೋಣಿಯಡಿಯ ಬುಲ್ಲೆಟ್ಟಿನಲ್ಲಿ ಉಂಟು. ಹಸಿರು. ಬೀಡಿಗೆ ಕಟ್ಟಿದ ಹಾಗೆಯೇ ಎರಡು ಸುತ್ತು."

"ಅಂದರೆ?" ಎಂದು ಮೆಟ್ಟಿಲೇರಿ ಬಂದ ನಫೀಸಮ್ಮ ಕೇಳಿದರು.

"ಅಂದರೆ ಗದ್ದೆಯಲ್ಲಿ ಬಿದ್ದ ಗಾಡಿಯನ್ನು ನಿಮ್ಮ ಮಗ ಮುಟ್ಟಿಯೇ ಇಲ್ಲ ಅಮ್ಮ. ಮುಟ್ಟದ ಗಾಡಿಗೆ ಸಕ್ಕರೆ ಹಾಕಲಿಕ್ಕೆ ಆಗುವುದಿಲ್ಲ." ಶೀನಪ್ಪ ಜಲಜಾಕ್ಷಿಯತ್ತ ತಿರುಗಿದರು. "ಆದರೆ ಜಲಜಾಕ್ಷಿ, ಹಾಗಾದರೆ ನಿನ್ನ ಚೀಟಿ? ನೀನು ಸೋಲ್ತದೆ ಅಂತ ಬರೆದ ಗಾಡಿ ಓಡಲೇ ಇಲ್ಲವಲ್ಲ."

"ನನ್ನ ಚೀಟಿ ತಪ್ಪು," ಎಂದಳು ಅವಳು ತಲೆ ಎತ್ತಿಯೇ. "ಏಳು ಸರಿ. ಆರನೆಯದ್ದು ನಾನು ಗೆದ್ದದ್ದಲ್ಲ. ನಾಳೆ ರೇಡಿಯೊ ತಂದು ಇದೇ ಚಾವಡಿಯಲ್ಲಿ ಇಡ್ತೇನೆ. ಬಸ್ಸಿನಲ್ಲಿ ಯಾರು ಬೇಕಾದರೂ ನಗಲಿ. ನನಗೆ ಬದ್ರು ಹೊರಗೆ ಬಂದರೆ ಸಾಕು."

"ಬಿಡುವುದು ಇನ್ಸ್‌ಪೆಕ್ಟರ್ ಕೈಯಲ್ಲಿ. ಅವರು ಆ ನೂಲನ್ನು ಗಾಡಿಯಲ್ಲಿ ಇದ್ದ ಹಾಗೇ ಕಣ್ಣಾರೆ ನೋಡಬೇಕು. ನೂಲು ಮುಟ್ಟಬಾರದು, ಗಾಡಿ ಕದಲಬಾರದು." ದಫೇದಾರರು ಟೊಪ್ಪಿ ತಲೆಗಿಟ್ಟರು. "ಅಣ್ಣು, ಕೊಟ್ಟಿಗೆಗೆ ಬೀಗ ಹಾಕು. ಕೀ ನನಗೆ ಕೊಡು."

"ಹಾಕ್ತೇನೆ ಸ್ವಾಮಿ," ಎಂದ ಅಣ್ಣು.

ಅವನು ಒಂದು ಹೆಜ್ಜೆ ಇಡುವಷ್ಟರಲ್ಲಿ ಗೋಡೆಯಾಚೆ ಯಂತ್ರ ಎದ್ದಿತು. ಈ ಸಲ ಒಂದೇ ಒದೆತಕ್ಕೆ.

ಡುಗ್ ಡುಗ್ ಡುಗ್ ಡುಗ್. ಟಕ್.

"ಯಾರದು?" ಎಂದು ಶೀನಪ್ಪ ಕೂಗಿದರು. "ಅಲ್ಲಿ ಯಾರುಂಟು ಅಣ್ಣು?"

"ಯಾರೂ ಇರಲಿಲ್ಲ ಸ್ವಾಮಿ!" ಎಂದ ಅಣ್ಣು. "ನಾನು ಇಲ್ಲೇ ಇದ್ದೇನಲ್ಲ!"

ಶೀನಪ್ಪ ಅಂಗಳಕ್ಕೆ ಹಾರಿದರು. ಬುಲ್ಲೆಟ್ ಆಗಲೇ ಕೊಟ್ಟಿಗೆ ದಾಟಿ, ತೋಡಿನ ಬದಿಯ ಮಣ್ಣುದಾರಿಗೆ ಬಿದ್ದಿತ್ತು. ಕೆಂಪು ಧೂಳಿನ ಹೊರತು ಏನೂ ಕಾಣಲಿಲ್ಲ.

ಜಲಜಾಕ್ಷಿ ಎದ್ದು ನಿಲ್ಲಲಿಲ್ಲ. ಅವಳಿಗೆ ಕಾಣಬೇಕಾಗಿರಲಿಲ್ಲ. ಒಂದನೆಯ ಗೇರು. ಎರಡನೆಯದ್ದು. ಆಮೇಲೆ ಯಂತ್ರ ತಡೆಯಿತು, ಸರಿಯಾಗಿ ಒಂದು ಗುಟುಕು ನೀರು ಕುಡಿದಷ್ಟು ಹೊತ್ತು. ಮತ್ತೆ ಮೂರನೆಯದ್ದು.

"ದಫೇದಾರ್ರೆ," ಎಂದಳು ಅವಳು. "ಹಾಗೆ ತಡೆಯುವವ ಶಂಭು ಒಬ್ಬನೇ. ತೊಡೆ ಮುರಿದವ ಒಂದೇ ಒದೆತಕ್ಕೆ ಬುಲ್ಲೆಟ್ ಸ್ಟಾರ್ಟ್ ಮಾಡ್ಲಿಕ್ಕೆ ಉಂಟಾ?"

ಆದಿರಾಜ ಬಲ್ಲಾಳರು ಆರಾಮಕುರ್ಚಿಯಿಂದ ಎದ್ದರು, ದಾರಿಯ ಕಡೆಗಿದ್ದ ಕಿಟಕಿಯ ಹತ್ತಿರ ಹೋದರು, ಎರಡೂ ಬಾಗಿಲುಗಳನ್ನು ಎಳೆದು ಅಗುಳಿ ಹಾಕಿದರು.